ಬಿದಿರೋ ವಿದುರನೋ? — ನಿರ್ವಚನದಲ್ಲಿ ಸತ್ಯದ ವಿಚಾರ

ಕಳೆದ ವರ್ಷದ ಚಾತುರ್ಮಾಸ್ಯದಲ್ಲಿ ನಮ್ಮ ಗ್ರಾಮವಾದ ಚಿಂತಾಕಿಯಲ್ಲಿ ಉದ್ಯೋಗಪರ್ವದ ಪ್ರವಚನವು ನಡೆಯಿತು. ತೀರ್ಥರೂಪರಿಗೆ ವಯೋಮಾನದಿಂದ ಧ್ವನಿ ಕುಗ್ಗಿರುವ ಕಾರಣ, ಪೀಠದ ಮೇಲೆ ಕುಳಿತು ಹೇಳುವ ಭಾರವು ಎರಡು ಮೂರು ವರ್ಷಗಳಿಂದ ನಮ್ಮ ಪಾಲಿಗೆ ಬಂದಿದೆ. ಅವರು ಕಂಬಕ್ಕೊರಗಿ ಕುಳಿತು ಕೇಳುತ್ತಾರೆ, ತಪ್ಪಿದಾಗ ಕೆಮ್ಮುತ್ತಾರೆ. ಅಂದು ಪ್ರಜಾಗರಪರ್ವದ ಪ್ರಸಂಗ. ನಿದ್ರೆ ಬಾರದ ಧೃತರಾಷ್ಟ್ರನು ವಿದುರನನ್ನು ಕರೆಯಿಸಿಕೊಂಡು ನೀತಿಯನ್ನು ಕೇಳುವ ಆ ರಾತ್ರಿಯನ್ನು ವರ್ಣಿಸುತ್ತಿರುವಾಗ ಸಭೆಯು ತುಂಬಿತ್ತು, ಮನಸ್ಸೂ ತುಂಬಿತ್ತು. ಆ ಉತ್ಸಾಹದಲ್ಲಿ ನಾವು, "ಆ ವಿದುರನ ಹೆಸರನ್ನು ಹೊತ್ತ ಜಿಲ್ಲೆಯಲ್ಲಿಯೇ ನಾವೆಲ್ಲ ಹುಟ್ಟಿದ್ದೇವೆ. ವಿದುರನಗರವೇ ಇಂದಿನ ಬೀದರ" ಎಂದು ಸಾರಿದೆವು. ಜನರು ತಲೆದೂಗಿದರು. ಹಿಂದಿನ ಸಾಲಿನಲ್ಲಿದ್ದ ಮುತ್ತೈದೆಯರೊಬ್ಬರು ಕೈಮುಗಿದದ್ದನ್ನೂ ಕಂಡೆವು. ತೀರ್ಥರೂಪರು ಕೆಮ್ಮಿದರು. ಅದು ಶೀತದ ಕೆಮ್ಮೆಂದು ಭಾವಿಸಿದೆವು.

ಮಂಗಳಾರತಿಯಾಗಿ ಜನರು ಚದುರಿದ ಮೇಲೆ ಹೊರಗಿನ ಕಟ್ಟೆಯ ಮೇಲೆ ಒಬ್ಬ ವೃದ್ಧ ಮೇದಾರನು ಕುಳಿತಿದ್ದನು. ಭಾದ್ರಪದದ ಮಹಾಲಕ್ಷ್ಮೀ ಹಬ್ಬಕ್ಕೆ ಬಾಗಿನದ ಮೊರಗಳೆಷ್ಟು ಬೇಕೆಂದು ಕೇಳಲು ಬಂದವನು, ಪ್ರವಚನ ಮುಗಿಯಲೆಂದು ಕಾದು, ಕಾಯುತ್ತ ಕೇಳಿದ್ದನು. ಅವನು ಹೇಳಿದ್ದನ್ನು ಅವನ ಮಾತಿನಲ್ಲಿಯೇ ಬರೆಯುತ್ತೇವೆ: "ಆಚಾರ್ರೆ, ಒಂದ್ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮ ಮುತ್ಯಾ ಅದು ಬಿದರಿನ ಊರು ಅಂತಿದ್ದ. ಬಿದರು ಇದ್ದಲ್ಲೇ ನಮ್ಮ ಮಂದಿ ಇರೋದ್ರಿ. ಅದ್ರಾಗ ವಿದುರ ಯಾವಾಗ ಬಂದ್ರಿ?"

ನಾವು ನಕ್ಕು, ಸಂಸ್ಕೃತದ ವಕಾರವು ಕನ್ನಡದಲ್ಲಿ ಬಕಾರವಾಗುವುದುಂಟೆಂದು ಅವನಿಗೆ ವಿವರಿಸಿದೆವು. ವಿಜ್ಞಾಪನೆಯು ಬಿನ್ನಪವಾಯಿತು, ವಂಧ್ಯೆಯು ಬಂಜೆಯಾದಳು. ಹಾಗೆಯೇ ವಿದುರನು ಬೀದರನಾದನು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಹೇಳಿದ ತದ್ಭವಗಳ ಮಾರ್ಗವನ್ನು ಬಿ.ಎ. ತರಗತಿಯಲ್ಲಿ ಓದಿದ್ದುದು ಇಂತಹ ಸಮಯದಲ್ಲಿ ನಾಲಿಗೆಯ ತುದಿಗೆ ಬರುತ್ತದೆ. ಸಾಲದುದಕ್ಕೆ "ವಬಯೋರಭೇದಃ" ಎಂಬ ವೈಯಾಕರಣರ ನ್ಯಾಯವನ್ನೂ ಸೇರಿಸಿದೆವು. ಅವನಿಗೆ ಅದೇನು ತಿಳಿದೀತು? "ಹೌದ್ರಿ" ಎಂದು ಸುಮ್ಮನಾದನು. ಮೊರಗಳ ಲೆಕ್ಕ ಹೇಳಿ ಕಳುಹಿಸಿದೆವು.

ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ತೀರ್ಥರೂಪರು, "ಮಾಧ್ವನ ಮಗ ಕಡೀಕೆ ಅಭೇದವನ್ನ ಹಿಡಿದು ಗೆದ್ದೆಯೇನಪ್ಪಾ?" ಎಂದರು. ಅಷ್ಟೇ. ಆ ರಾತ್ರಿ ಅವರು ಮತ್ತೆ ಮಾತನಾಡಲಿಲ್ಲ.

ವಾಚಕ ಮಹಾಶಯರು ಇದನ್ನು ಅಲ್ಪವಿಷಯವೆಂದು ಎಣಿಸಬಹುದು. ಒಂದು ಊರಿನ ಹೆಸರಿಗೆ ಒಂದು ಸತ್ಕಥೆಯನ್ನು ಕೂಡಿಸಿದರೆ ಯಾರಿಗೆ ಹಾನಿ? ಭಕ್ತಿಯು ಹೆಚ್ಚುವುದಲ್ಲದೆ ಕುಗ್ಗುವುದೇ? ನಾವೂ ಹಾಸಿಗೆಯ ಮೇಲೆ ಹೊರಳಾಡುತ್ತ ಈ ವಾದವನ್ನೇ ನಮಗೆ ನಾವೇ ಹೇಳಿಕೊಂಡೆವು. ನಮ್ಮ ಪಕ್ಷಕ್ಕೆ ದೊಡ್ಡ ಆಧಾರವೂ ಇತ್ತು. ವೇದಗಳಿಗೆ ಮೂರು ಅರ್ಥ, ಭಾರತಕ್ಕೆ ಹತ್ತು ಅರ್ಥ, ಸಹಸ್ರನಾಮದ ಒಂದೊಂದು ನಾಮಕ್ಕೂ ನೂರು ಅರ್ಥ ಎಂಬುದು ನಮ್ಮಲ್ಲಿ ಮಕ್ಕಳೂ ಬಲ್ಲ ಮಾತು. ದಕ್ಷಿಣದ ಯಾತ್ರೆಯಲ್ಲಿ ಪಂಡಿತರು ಇದನ್ನು ಸಂದೇಹಿಸಿದಾಗ ಶ್ರೀಮದಾಚಾರ್ಯರು "ವಿಶ್ವ" ಎಂಬ ಮೊದಲನೆಯ ನಾಮಕ್ಕೇ ನೂರು ಅರ್ಥಗಳನ್ನು ಹೇಳತೊಡಗಿದರೆಂದೂ, ಅವುಗಳನ್ನು ಧಾರಣೆ ಮಾಡಲಾರದೆ ಆ ಪಂಡಿತರು ಕ್ಷಮೆ ಕೋರಿದರೆಂದೂ ಸುಮಧ್ವವಿಜಯದಲ್ಲಿ ಕೇಳಿದ್ದೇವೆ. ಒಂದು ಶಬ್ದಕ್ಕೆ ನೂರು ಅರ್ಥಗಳಿರಬಹುದಾದರೆ, ಬೀದರಕ್ಕೆ ಎರಡು ಏಕಿರಬಾರದು?

ಆದರೆ ಬೆಳಗಾಗುವಷ್ಟರಲ್ಲಿ ಈ ವಾದದ ಬಿರುಕು ನಮಗೇ ಕಾಣತೊಡಗಿತು. "ವಿಶ್ವ" ಶಬ್ದಕ್ಕೆ ಅರ್ಥ ಹೇಳುವಾಗ ಆಚಾರ್ಯರು ಹೇಳಿದ್ದು ಭಗವಂತನ ಗುಣಗಳನ್ನು. ಪ್ರಕೃತಿ ಪ್ರತ್ಯಯಗಳ ಬಲದಿಂದ ಆ ಶಬ್ದವು ಅನಂತಗುಣನಾದ ಹರಿಯ ಯಾವ ಯಾವ ಗುಣವನ್ನು ತಿಳಿಸಬಲ್ಲದು ಎಂಬುದಷ್ಟೇ ಅಲ್ಲಿಯ ವಿಚಾರ. ಇಂತಹ ಕಾಲದಲ್ಲಿ ಇಂತಹವನು ಈ ಹೆಸರನ್ನು ಇಟ್ಟನು ಎಂಬ ವೃತ್ತಾಂತವು ಅಲ್ಲಿಲ್ಲ. ನಾವು ಹೇಳಿದ್ದಾದರೋ ವೃತ್ತಾಂತ. ನಡೆದದ್ದನ್ನು ಕುರಿತ ಮಾತಿಗೆ ಸಾಕ್ಷಿ ಬೇಕು. ನಮ್ಮಲ್ಲಿದ್ದದ್ದು ಎರಡು ಶಬ್ದಗಳ ಧ್ವನಿಸಾಮ್ಯ ಮಾತ್ರ.

ಈ ವಿಚಾರವು ಹೊಸದಲ್ಲ. ಯಾಸ್ಕಾಚಾರ್ಯರ ನಿರುಕ್ತದ ಮೊದಲನೆಯ ಅಧ್ಯಾಯದಲ್ಲಿಯೇ ಇದರ ಮೇಲೆ ದೊಡ್ಡ ವಾದವುಂಟು. ನಾಮಪದಗಳೆಲ್ಲವೂ ಧಾತುಗಳಿಂದಲೇ ಹುಟ್ಟಿದವೆಂಬುದು ಶಾಕಟಾಯನನ ಮತ. ನಿರುಕ್ತಕಾರರ ಮತವೂ ಅದೇ. ಎಲ್ಲವೂ ಹಾಗಲ್ಲವೆಂದು ಗಾರ್ಗ್ಯನು ಎದ್ದು ನಿಲ್ಲುತ್ತಾನೆ. ಮಾರ್ಗವನ್ನು ವ್ಯಾಪಿಸುವುದರಿಂದ ಅಶ್ವವೆನ್ನುವಿರಾದರೆ, ಮಾರ್ಗವನ್ನು ವ್ಯಾಪಿಸುವ ಪ್ರತಿಯೊಂದನ್ನೂ ಅಶ್ವವೆಂದು ಏಕೆ ಕರೆಯುವುದಿಲ್ಲ? ಚುಚ್ಚುವುದರಿಂದ ತೃಣವಾದರೆ, ಚುಚ್ಚುವ ಸೂಜಿಯೂ ತೃಣವಾಗಬೇಕಷ್ಟೆ? ಎಷ್ಟು ಸರಳವಾದ, ಎಷ್ಟು ಹರಿತವಾದ ಪ್ರಶ್ನೆ! ಯಾಸ್ಕರು ಲೋಕವ್ಯವಹಾರವನ್ನು ತೋರಿಸಿ ಉತ್ತರಿಸುತ್ತಾರೆ: ಕೊರೆಯುವವರೆಲ್ಲರಿಗೂ ತಕ್ಷನೆಂಬ ಹೆಸರು ಬರುವುದಿಲ್ಲ, ಬಡಗಿಗೆ ಮಾತ್ರ ಬರುತ್ತದೆ, ತಿರುಗಾಡುವವರೆಲ್ಲರೂ ಪರಿವ್ರಾಜಕರಲ್ಲ.

ಆ ಪ್ರಕರಣದಲ್ಲಿ ನಮ್ಮನ್ನು ನಾಚಿಸಿದ ಸ್ಥಳ ಮತ್ತೊಂದು. ಶಾಕಟಾಯನನು ಒಂದು ಶಬ್ದವನ್ನು ತುಂಡು ತುಂಡಾಗಿ ಕತ್ತರಿಸಿ, ಒಂದು ತುಂಡನ್ನು ಒಂದು ಧಾತುವಿನಿಂದಲೂ ಇನ್ನೊಂದನ್ನು ಇನ್ನೊಂದು ಧಾತುವಿನಿಂದಲೂ ಸಾಧಿಸಿದನೆಂಬ ಆಕ್ಷೇಪವು ಅಲ್ಲಿ ಬರುತ್ತದೆ. ಆ ಶಬ್ದ ಯಾವುದೆಂದರೆ — "ಸತ್ಯ"! ಸತ್ಯವೆಂಬ ಶಬ್ದವೇ ನಿರ್ವಚನದ ಅತ್ಯಾಸೆಗೆ ಉದಾಹರಣೆಯಾದುದು ಆಶ್ಚರ್ಯವಲ್ಲವೆ? ಇದಕ್ಕೆ ಯಾಸ್ಕರ ಸಮಾಧಾನವೇನು? ಅರ್ಥಕ್ಕೆ ಹೊಂದದಂತೆ ಶಬ್ದವನ್ನು ಸಂಸ್ಕರಿಸಿದವನು ಅದಕ್ಕಾಗಿ ನಿಂದ್ಯನೇ ಸರಿ. ಆದರೆ ಅದು ಆ ಪುರುಷನ ದೋಷ, ಶಾಸ್ತ್ರದ ದೋಷವಲ್ಲ. ಪಾಠಶಾಲೆಯಲ್ಲಿ ಈ ವಾಕ್ಯವನ್ನು ಓದಿದಾಗ ನಾವು ಬಾಲಕರು. ಆ ಪುರುಷನೊಬ್ಬನು ಚಿಂತಾಕಿಯ ಪೀಠದ ಮೇಲೆ ಕುಳಿತಾನೆಂದು ಅಂದು ತೋರಿರಲಿಲ್ಲ.

ಹಾಗಾದರೆ ಬೀದರದ ಸಾಕ್ಷಿಯೇನು? ವಿದುರನೆಂಬುದು ಶುದ್ಧ ಸಂಸ್ಕೃತಶಬ್ದ. ವಿದ್ ಧಾತುವಿಗೆ ಕುರಚ್ ಪ್ರತ್ಯಯವು ಬಂದು ಬಲ್ಲವನು ಎಂಬ ಅರ್ಥದಲ್ಲಿ ಸಿದ್ಧಿಸುತ್ತದೆಂದು ಪಾಣಿನಿಯ ಸೂತ್ರವಿದೆ. ಬಿದಿರೆಂಬುದು ಅಚ್ಚಗನ್ನಡ. ಈ ಕನ್ನಡ ಶಬ್ದದಿಂದ ಊರುಗಳು ಹೆಸರು ಪಡೆದದ್ದು ನಾಡಿನಲ್ಲಿ ಇನ್ನೆಲ್ಲಿಯಾದರೂ ಉಂಟೋ ಎಂದು ನೋಡಿದರೆ, ಕರಾವಳಿಯ ಮೂಡುಬಿದಿರೆ ಇದೆ, ಮಲೆನಾಡಿನ ಬಿದನೂರು ಇದೆ. ಮೂಡುಬಿದಿರೆಯನ್ನು ಸಂಸ್ಕೃತದಲ್ಲಿ ಬರೆಯಬೇಕಾದಾಗ ಹಿಂದಿನವರು ವೇಣುಪುರ, ವಂಶಪುರ ಎಂದರು. ಬಿದನೂರಿಗೂ ವೇಣುಪುರವೆಂಬ ಹೆಸರು ಸಂದಿತು. ಅಲ್ಲಿ ಯಾರೂ ವಿದುರನನ್ನು ಹುಡುಕಲಿಲ್ಲ. ನಮ್ಮ ಬೀದರವನ್ನೂ ಬಿದಿರಿನ ಊರೆಂದೇ ಇತಿಹಾಸಜ್ಞರು ಬಹುಮಟ್ಟಿಗೆ ಒಪ್ಪಿರುತ್ತಾರೆ. ಮೇದಾರನ ಮುತ್ಯಾ ಹೇಳಿದ್ದೇ ಪಂಡಿತರ ಸಿದ್ಧಾಂತವೂ ಆಯಿತು.

ಇಲ್ಲೊಂದು ಸೂಕ್ಷ್ಮವಿದೆ. ವೇಣುಪುರವೆಂದವರೂ ಹೆಸರನ್ನು ಸಂಸ್ಕೃತಕ್ಕೆ ತಂದರು, ವಿದುರನಗರವೆಂದವರೂ ತಂದರು. ಆದರೆ ಮೊದಲನೆಯವರು ಅರ್ಥವನ್ನು ಉಳಿಸಿಕೊಂಡು ಧ್ವನಿಯನ್ನು ಬಿಟ್ಟರು; ಎರಡನೆಯವರು ಧ್ವನಿಯನ್ನು ಹಿಡಿದುಕೊಂಡು ಅರ್ಥವನ್ನು ಬಿಟ್ಟರು. ಸುಮಧ್ವವಿಜಯಕಾರರಾದ ಶ್ರೀನಾರಾಯಣಪಂಡಿತಾಚಾರ್ಯರ ರೀತಿ ಯಾವುದು? ತುಳುವಿನಲ್ಲಿ ನಡು ಎಂದರೆ ಮಧ್ಯ, ಇಲ್ಲು ಎಂದರೆ ಮನೆ. ನಡಿಲ್ಲಾಯರ ಮನೆತನವು ಅವರ ಕಾವ್ಯದಲ್ಲಿ ಮಧ್ಯಗೇಹವಾಯಿತು. ಶಿವಳ್ಳಿಯಲ್ಲಿ ಬೆಳ್ಳಿಯನ್ನು ಕಂಡು ಶಿವರೂಪ್ಯವೆಂದರು. ಮನೆಯು ಮನೆಯಾಗಿಯೇ ಉಳಿಯಿತು, ಬೆಳ್ಳಿಯು ಬೆಳ್ಳಿಯಾಗಿಯೇ ಉಳಿಯಿತು. ಹೆಸರಿನ ವಸ್ತುವನ್ನು ಗೌರವಿಸುವ ಭಾಷಾಂತರವಿದು.

ಧ್ವನಿಯ ಮೋಹವು ನಮ್ಮವರಿಗೆ ಮಾತ್ರ ಇದೆಯೆಂದು ಯಾರೂ ತಿಳಿಯಬಾರದು. 17ನೆಯ ಶತಮಾನದ ಆರಂಭದಲ್ಲಿ ಬಿಜಾಪುರದಲ್ಲಿದ್ದು ಪಾರಸಿಯಲ್ಲಿ ಇತಿಹಾಸವನ್ನು ಬರೆದ ಫೆರಿಸ್ತಾನು, ದಮಯಂತಿಯ ತಂದೆಯಾದ ಭೀಮರಾಜನು ಆಳಿದ್ದು ಬೀದರದಲ್ಲಿಯೇ ಎಂದನು. ವಿದರ್ಭವನ್ನು ಬೀದರಕ್ಕೆ ತಂದು ನಿಲ್ಲಿಸಿದ್ದೂ ಧ್ವನಿಯ ಹತ್ತಿರದಿಂದಲೇ ಇರಬೇಕು. ನೆರೆಯ ಕಲಬುರಗಿಯ ಹೆಸರಿನಲ್ಲಿ ಕನ್ನಡಿಗನಿಗೆ ಕಲ್ಲು ಕಾಣುತ್ತದೆ. ಪಾರಸಿ ಬಲ್ಲವರು ಅದನ್ನು ಗುಲ್ಬರ್ಗವೆಂದು ನುಡಿದು, ಗುಲ್ ಎಂದರೆ ಹೂವು, ಬರ್ಗ್ ಎಂದರೆ ಎಲೆ ಎಂದು ಸಂತೋಷಪಟ್ಟರು. ಕಲ್ಲಿನ ಮೇಲೆ ಹೂವರಳಿಸಿದ ಅವರ ರಸಿಕತೆಯನ್ನು ಮೆಚ್ಚಬಹುದು. 2014ರ ನವೆಂಬರ್ 1ರಂದು ಆ ಊರಿಗೆ ಹಳೆಯ ಹೆಸರೇ ಸರಕಾರದ ಹೆಸರಾಯಿತು. ಅಂದು ಹೂವು ಹೋಗಿ ಕಲ್ಲು ಬಂದುದಕ್ಕೆ ಹರ್ಷಿಸಿದವರಲ್ಲಿ ನಾವೂ ಒಬ್ಬರು. ಪರರ ಭ್ರಾಂತಿಯನ್ನು ತಿದ್ದಿದಾಗ ಹರ್ಷಿಸಿದವರು ನಮ್ಮ ಭ್ರಾಂತಿಯನ್ನು ಮೇದಾರನು ತಿದ್ದಿದಾಗ ವ್ಯಾಕರಣದ ಮರೆಗೆ ಓಡಿದೆವು.

ಇನ್ನು ಸಿದ್ಧಾಂತದ ಕಡೆಯಿಂದ ಈ ಪ್ರಶ್ನೆಯನ್ನು ನೋಡೋಣ. ಸರ್ವಶಬ್ದಗಳೂ ಪರಮಮುಖ್ಯವೃತ್ತಿಯಿಂದ ಶ್ರೀವಿಷ್ಣುವನ್ನೇ ಹೇಳುತ್ತವೆ ಎಂಬುದು ನಮ್ಮ ಮತದ ಜೀವಾಳ. ಬ್ರಹ್ಮಸೂತ್ರಗಳ ಮೊದಲನೆಯ ಅಧ್ಯಾಯದಲ್ಲಿ ಆಕಾಶ, ಪ್ರಾಣ, ಜ್ಯೋತಿಸ್ಸು ಮುಂತಾಗಿ ಅನ್ಯತ್ರ ಪ್ರಸಿದ್ಧವಾದ ಶಬ್ದಗಳಿಗೂ ಹರಿಯಲ್ಲಿಯೇ ಸಮನ್ವಯವಾಗುತ್ತದೆ. ವೈದಿಕಶಬ್ದಗಳಷ್ಟೇ ಅಲ್ಲ, ಲೌಕಿಕಶಬ್ದಗಳೂ, ಸಮುದ್ರದ ಘೋಷವೂ, ಭೇರಿಯ ನಾದವೂ ಅವನನ್ನೇ ಹೇಳುತ್ತವೆಂದು ಹಿರಿಯರು ನಮಗೆ ತಿಳಿಸಿದ್ದಾರೆ. ಮಾನವಿಯ ಶ್ರೀಜಗನ್ನಾಥದಾಸಾರ್ಯರು ಹರಿಕಥಾಮೃತಸಾರದಲ್ಲಿ ವರ್ಣಮಾಲೆಯ ಅಕ್ಷರಗಳಿಗಾಗಿಯೇ ಒಂದು ಸಂಧಿಯನ್ನು ಮೀಸಲಿರಿಸಿದ್ದಾರೆ. ಇದೆಲ್ಲ ನಿಜವಾದರೆ — ನಿಜವೆಂದೇ ನಮ್ಮ ದೃಢವಿಶ್ವಾಸ — ಬಿದಿರೆಂಬ ಶಬ್ದವೂ ಹರಿಯನ್ನು ಹೇಳಬೇಕಷ್ಟೆ? ಅದು ಹರಿಯನ್ನು ಹೇಳುವುದಕ್ಕೆ ಮೊದಲು ವಿದುರನೆಂದು ವೇಷ ಹಾಕಿಕೊಂಡು ಬರಬೇಕೇನು? ಬಿದಿರೆಂಬುದು ಹಗುರವಾಯಿತು, ವಿದುರನಾದರೆ ತೂಕ ಬಂದಿತು ಎಂದು ನಾವು ಒಳಗೊಳಗೆ ಎಣಿಸಿದ್ದೆವು. ಅಂದರೆ ಸರ್ವಶಬ್ದವಾಚ್ಯತ್ವವನ್ನು ಬಾಯಿಂದ ಹೇಳುತ್ತ, ಮೇದಾರನ ಶಬ್ದಕ್ಕೆ ಆ ಯೋಗ್ಯತೆಯಿಲ್ಲವೆಂದು ಮನಸ್ಸಿನಲ್ಲಿ ತೀರ್ಮಾನಿಸಿದ್ದೆವು. ಭಕ್ತಿಯನ್ನು ಹೆಚ್ಚಿಸಲೆಂದು ಮಾಡಿದ ಆ ಕೆಲಸದಲ್ಲಿ ವಿಶ್ವಾಸದ ಕೊರತೆಯೇ ಅಡಗಿತ್ತು.

ಪರಮಮುಖ್ಯವಾದ ಅರ್ಥವು ಬಂದಾಗ ಲೋಕದ ಅರ್ಥವು ಸುಳ್ಳಾಗುವುದೂ ಇಲ್ಲ. ಆಕಾಶಶಬ್ದವು ಹರಿಯನ್ನು ಹೇಳಿದರೂ ನಮ್ಮ ತಲೆಯ ಮೇಲಿನ ಆಕಾಶವು ಆಕಾಶವೇ. ಜಗತ್ತು ಸತ್ಯ, ಭೇದವು ಸತ್ಯ, ಜಡಕ್ಕೂ ಜಡಕ್ಕೂ ಇರುವ ಭೇದವೂ ಸತ್ಯವೆಂದು ಹೇಳುವವರು ನಾವು. ಗಡಿಗೆಗೂ ವಸ್ತ್ರಕ್ಕೂ ಇರುವ ಭೇದಕ್ಕಾಗಿ ಶತಮಾನಗಳ ಕಾಲ ವಾದಿಸಿದ ಪರಂಪರೆಯವರು, ಬಿದಿರಿಗೂ ವಿದುರನಿಗೂ ಇರುವ ಭೇದವನ್ನು ಒಂದು ಸಂಜೆಯ ಚಪ್ಪಾಳೆಗೆ ಮಾರಬಹುದೇ? ತೀರ್ಥರೂಪರ ಒಂದು ವಾಕ್ಯದ ಪರಿಹಾಸದಲ್ಲಿ ಇಷ್ಟೆಲ್ಲ ಇದ್ದಿತೆಂದು ಬಹಳ ತಡವಾಗಿ ತಿಳಿದೆವು.

ಮರುದಿನದ ಪ್ರವಚನದಲ್ಲಿ ತಪ್ಪನ್ನು ಒಪ್ಪಿಕೊಳ್ಳಬೇಕೆಂದು ನಿಶ್ಚಯಿಸಿ ಪೀಠವೇರಿದೆವು. ಆದರೆ ಎದುರಿನಲ್ಲಿ ಅದೇ ಮುಖಗಳು. ಒಬ್ಬ ಗೃಹಸ್ಥರು ಆರಂಭಕ್ಕೆ ಮೊದಲೇ ಬಂದು, "ನಿನ್ನೆ ವಿದುರನಗರದ ವಿಷಯ ಕೇಳಿ ಮೈ ಜುಮ್ಮೆಂದಿತು" ಎಂದು ದಕ್ಷಿಣೆಯನ್ನಿಟ್ಟು ಹೋಗಿದ್ದರು. ನಾವು ಹೇಳಿದ್ದು ಇಷ್ಟು: "ಬಿದಿರಿನಿಂದ ಬೀದರವೆಂದೂ ಕೆಲವರು ಹೇಳುತ್ತಾರೆ, ಎರಡೂ ಇರಬಹುದು." ಎರಡೂ ಇರಬಹುದು! ಯಾರನ್ನೂ ನೋಯಿಸದ, ಯಾರಿಗೂ ಉಪಯೋಗವಿಲ್ಲದ ಮಾತು. ಸುಳ್ಳಿಗಿಂತ ಇದು ಮೇಲೆಂದು ಅಂದುಕೊಂಡೆವು. ಈಗ ನೋಡಿದರೆ, ತಿಳಿದೂ ಹೇಳಿದ್ದರಿಂದ ಇದೇ ಕೀಳೆಂದು ತೋರುತ್ತದೆ.

ಆ ಮೇಲೆ ನಮಗೆ ಶಬ್ದಗಳ ಹುಚ್ಚು ಹಿಡಿಯಿತೆಂದರೆ ಸಲ್ಲುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ಲರ ನಿಘಂಟಿನ ಮರುಮುದ್ರಣವನ್ನು ತಂದಿರಿಸಿಕೊಂಡು, ಗುಡಿಯ ಕೆಲಸದ ನಡುವೆ ನಿತ್ಯವೂ ಒಂದೆರಡು ಶಬ್ದಗಳನ್ನು ನೋಡುವ ಅಭ್ಯಾಸವಾಯಿತು. ಬೇರೆಯ ಲಾಭವಿರಲಿ, ಇದರಿಂದ ನಮ್ಮ ಮನೆಯ ಮಾತುಗಳೇ ನಮಗೆ ಬುದ್ಧಿ ಹೇಳತೊಡಗಿದವು.

ಮೊದಲು ಮಡಿಯನ್ನು ತೆಗೆದುಕೊಳ್ಳೋಣ. ಮಡಿಯೆಂದರೆ ಒಗೆದು ಶುದ್ಧವಾದ ಬಟ್ಟೆ, ಅದರಿಂದ ಶುಚಿತ್ವ. ಒಗೆಯುವವನು ಮಡಿವಾಳ. ನಮ್ಮ ಆಚಾರದ ಕೇಂದ್ರದಲ್ಲಿರುವ ಶಬ್ದವೂ ಅಗಸನ ಕುಲದ ಹೆಸರೂ ಒಂದೇ ಬೇರಿನವು. ಬಾಲ್ಯದಲ್ಲಿ ನಮ್ಮ ಅಜ್ಜಿಯವರು ಮಡಿಯಲ್ಲಿರುವಾಗ ಮಡಿವಾಳನು ಬಟ್ಟೆಗಂಟನ್ನು ಅಂಗಳದ ಅಂಚಿನಲ್ಲಿಟ್ಟು ದೂರ ನಿಲ್ಲುತ್ತಿದ್ದನು. ಮಡಿಯು ಬಂದದ್ದು ಅವನ ಕಲ್ಲಿನ ಮೇಲಿನಿಂದ. ಮಡಿಗೆಂದು ದೂರ ನಿಂತವನೂ ಅವನೇ. ಈ ವಿಚಾರವನ್ನು ನಾವು ಬರೆಯುವುದು ಮಡಿಯನ್ನು ಹಗುರಗೊಳಿಸಲೆಂದಲ್ಲ. ನಾವು ಇಂದಿಗೂ ಮಡಿಯಲ್ಲಿಯೇ ಪೂಜೆ ಮಾಡುತ್ತೇವೆ. ಆದರೆ ಒಣಗಿಸಿದ ಪಂಚೆಯನ್ನು ಕೋಲಿನಿಂದ ತೆಗೆಯುವಾಗ ಅವನ ನೆನಪಾಗುತ್ತದೆ. ಆ ನೆನಪು ಪೂಜೆಗೆ ವಿಘ್ನವೆಂದು ನಮಗೆ ತೋರಿಲ್ಲ.

ವಂಶವೆಂಬ ಶಬ್ದವೂ ಹೀಗೆಯೇ. ವಂಶವೆಂದರೆ ಬಿದಿರು. ಗಿಣ್ಣಿನ ಮೇಲೆ ಗಿಣ್ಣಾಗಿ ಬೆಳೆಯುವ ಬಿದಿರನ್ನು ನೋಡಿ ತಲೆಯ ಮೇಲೆ ತಲೆಯಾಗಿ ಬೆಳೆಯುವ ಕುಲಕ್ಕೂ ವಂಶವೆಂದರು. ಹುಡುಗಿಯನ್ನು ನೋಡಲು ಹೋದಾಗ ಮೊದಲು ಕೇಳುವುದು ವಂಶವನ್ನು! ಗೋಪಾಲನ ಕೈಯಲ್ಲಿದ್ದುದೂ ವಂಶವೇ, ವೇಣುವೇ. ಬೀದರವನ್ನು ಬಿದಿರಿನಿಂದ ಬಿಡಿಸಲು ಹೊರಟ ನಮಗೆ ಇದೊಂದು ಏಕೆ ಹೊಳೆಯಲಿಲ್ಲವೋ!

ದೇವಸ್ಥಾನದ ಲೆಕ್ಕದ ಪುಸ್ತಕದ ವಿಷಯ ಬೇರೆ. ಜಮಾ, ಬಾಕಿ, ವಸೂಲಿ ಇವು ಅರಬ್ಬಿಯಿಂದ ಬಂದವು, ಖರ್ಚು ಪಾರಸಿ, ಕಾಗದವೂ ಪಾರಸಿಯ ಮೂಲಕವೇ ಬಂದಿತು. ಸೇವೆಗೆ ತರುವ ಗುಲಾಬಿಯು ಪಾರಸಿಯ ಹೂವು, ಹೊದಿಸುವ ಶಾಲು ಪಾರಸಿಯ ವಸ್ತ್ರ. ಇವುಗಳನ್ನೆಲ್ಲ ತೆಗೆದು ಶುದ್ಧಶಬ್ದಗಳನ್ನು ಹಾಕಬೇಕೆಂದು ಒಬ್ಬ ಹಿತೈಷಿಗಳು ಒಮ್ಮೆ ಸೂಚಿಸಿದರು. ಅವರಿಗೆ ಬಾಕಿ ಇದ್ದ ವಂತಿಗೆಯನ್ನು "ಅವಶಿಷ್ಟ" ಎಂದು ಬರೆದು ಕಳುಹಿಸಿದರೆ ಬರುವುದೋ ಇಲ್ಲವೋ ಎಂದು ತೀರ್ಥರೂಪರು ವಿನೋದವಾಗಿ ಹೇಳಿ ಆ ವಿಷಯವನ್ನು ಮುಗಿಸಿದರು. ಹೋಗಿ ಬರುವುದು ಶಬ್ದಗಳ ಸ್ವಭಾವ. ನಮ್ಮ ಶರ್ಕರೆ ಎಂದರೆ ಮೊದಲು ಮರಳುಕಲ್ಲು. ಆ ಮೇಲೆ ಹರಳುಹರಳಾದ ಸಕ್ಕರೆ. ಅದು ಪಾರಸಿಯಲ್ಲಿ ಶಕರವಾಯಿತು, ಅರಬ್ಬಿಯಲ್ಲಿ ಸುಕ್ಕರವಾಯಿತು, ಮುಂದೆ ಆಂಗ್ಲರ ಬಾಯಲ್ಲಿ ಶುಗರ್ ಆಯಿತು. ಶ್ರೀಪುರಂದರದಾಸರು ಹರಿನಾಮಕ್ಕೆ ಹೋಲಿಸಿದ ಕಲ್ಲುಸಕ್ಕರೆಯಲ್ಲಿ, ಎರಡೂ ಭಾಷೆಗಳ ಲೆಕ್ಕ ಹಿಡಿದರೆ, ಕಲ್ಲು ಎರಡು ಸಲ ಬಂದಿದೆ. ಸಿಹಿಗೇನೂ ಕೊರತೆಯಾಗಿಲ್ಲ.

ನಮ್ಮ ಭಾಲ್ಕಿಯ ಕಡೆ ನಿಟ್ಟೂರು (ಬಿ) ಎಂಬ ಊರಿದೆ. ಬಸ್ಸಿನ ಫಲಕದಲ್ಲಿ ಆ "ಬಿ" ಅಕ್ಷರವನ್ನು ನೋಡಿ, ಶಾಲೆಯ ಎ ವಿಭಾಗ ಬಿ ವಿಭಾಗದಂತೆ ಊರಿಗೂ ವಿಭಾಗವಿದೆಯೇನೋ ಎಂದು ನಾವು ಹುಡುಗರಾಗಿದ್ದಾಗ ಭಾವಿಸಿದ್ದುಂಟು. ಈ ಸೀಮೆಯ ಊರುಗಳ ಮುಂದೆ ಬರುವ ಬಿ ಮತ್ತು ಕೆ ಅಕ್ಷರಗಳು ಸಾಮಾನ್ಯವಾಗಿ ಬುಜುರ್ಗ್, ಖುರ್ದ್ ಎಂಬ ಪಾರಸಿ ಶಬ್ದಗಳ ಗುರುತು. ಹಿರಿದು ಕಿರಿದು ಎಂದರ್ಥ. ನಿಜಾಮರ ರಾಜ್ಯ ಹೋಗಿ, 1956ರಲ್ಲಿ ಬೀದರ ಜಿಲ್ಲೆಯು ಮೂರು ರಾಜ್ಯಗಳಿಗೆ ಹಂಚಿಹೋಗಿ, ನಿಲಂಗಾ ಉದಗೀರಗಳು ಮರಾಠಿಯ ಕಡೆಗೂ ಜಹೀರಾಬಾದು ನಾರಾಯಣಖೇಡಗಳು ತೆಲುಗಿನ ಕಡೆಗೂ ನಾವು ಕನ್ನಡದ ಕಡೆಗೂ ಬಂದ ಮೇಲೂ ಆ ಒಂದೊಂದು ಅಕ್ಷರ ಮಾತ್ರ ಊರಿನ ಬೆನ್ನು ಬಿಡಲಿಲ್ಲ.

ಶಬ್ದದ ಇತಿಹಾಸವೂ ಭಗವದರ್ಥವೂ ಯಾವಾಗಲೂ ಬೇರೆ ಬೇರೆ ದಾರಿಯಲ್ಲಿ ಹೋಗುತ್ತವೆಂದು ಇದರಿಂದ ಯಾರೂ ತಿಳಿಯಬಾರದು. ಬೀದರದ ಝರಣೀನರಸಿಂಹನ ಸನ್ನಿಧಿಗೆ ನಮ್ಮ ವಾಚಕರಲ್ಲಿ ಬಹುಮಂದಿ ಹೋಗಿರುತ್ತೀರಿ. ಎದೆಮಟ್ಟದ ನೀರಿನಲ್ಲಿ, ಗುಹೆಯೊಳಗೆ, ಮಗುವನ್ನು ಹೆಗಲ ಮೇಲೆ ಹೊತ್ತು ಸ್ವಾಮಿಯ ಕಡೆಗೆ ನಡೆಯುವಾಗ ಝರಣಿಯೆಂಬ ಶಬ್ದದ ಮೂಲವನ್ನು ಯಾರು ಯೋಚಿಸುತ್ತಾರೆ? ಹರಿಯುವುದು, ಸೋರುವುದು ಎಂಬ ಅರ್ಥದ ಕ್ಷರ್ ಧಾತುವೇ ಪ್ರಾಕೃತರ ಬಾಯಲ್ಲಿ ಝರವಾಯಿತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಅದೇ ಧಾತುವಿನಿಂದ ಕ್ಷರ. ಹರಿದು ಹೋಗದೆ ಇರುವುದು ಅಕ್ಷರ. ಅಕ್ಷರವೆಂದರೆ ಬರೆಯುವ ವರ್ಣವೂ ಹೌದು, ನಾಶವಿಲ್ಲದವನೆಂಬ ಹರಿಯ ನಾಮವೂ ಹೌದು. ಹರಿಯುವ ನೀರಿನಲ್ಲಿ ನಡೆದು ಹೋಗಿ ಅಕ್ಷರನನ್ನು ಕಾಣುವ ಆ ಕ್ಷೇತ್ರಕ್ಕೆ ಇಂತಹ ಹೆಸರಿದೆ. ಇದನ್ನು ಹೇಳಲು ನಾವು ಯಾವ ಶಬ್ದವನ್ನೂ ತಿರುಚಬೇಕಾಗಿಲ್ಲ.

ಮೊನ್ನೆ ನಮ್ಮ ಮಗಳು — ನಾಲ್ಕನೆಯ ತರಗತಿಯಲ್ಲಿದ್ದಾಳೆ — "ಅಪ್ಪಾ, ಚಿಂತಾಕಿ ಅಂದರೇನು? ಇಲ್ಲಿಗೆ ಬಂದರೆ ಚಿಂತೆ ಹತ್ತುತ್ತದೇನು?" ಎಂದು ಕೇಳಿದಳು. ಶ್ರೀಮದಾಚಾರ್ಯರ ಬಾಲ್ಯದ ಒಂದು ಪ್ರಸಂಗವು ಕೂಡಲೇ ಸ್ಮರಣೆಗೆ ಬಂದಿತು. ತಂದೆಯವರು ಪುರಾಣ ಹೇಳುತ್ತ ವೃಕ್ಷಗಳ ಹೆಸರುಗಳಿಗೆ ಅರ್ಥವನ್ನು ಹೇಳುವಾಗ ಲಿಕುಚವೆಂಬ ಒಂದು ಹೆಸರನ್ನು ಮಾತ್ರ ಬಿಟ್ಟು ಮುಂದೆ ಹೋದರು. ಬಾಲಕನಾದ ವಾಸುದೇವನು ಸಭೆಯಲ್ಲಿಯೇ ಅದರ ಅರ್ಥವೇನೆಂದು ಕೇಳಿದನು. ಮರದ ಹೆಸರೊಂದನ್ನು ಬಿಟ್ಟರೆ ಪುರಾಣಕ್ಕೇನೂ ಕೊರತೆಯಾಗುತ್ತಿರಲಿಲ್ಲ. ಆದರೂ ಕೇಳಿದನು. ಜಗದ್ಗುರುಗಳಾಗುವವರ ಬಾಲ್ಯದಲ್ಲಿ ಕವಿಗಳು ಒಂದು ಮರದ ಹೆಸರಿನ ಕುತೂಹಲವನ್ನು ಮರೆಯದೆ ದಾಖಲಿಸಿದ್ದು ನಮಗೆ ಬಹಳ ಪ್ರಿಯವಾದ ಸಂಗತಿ.

ಮಗಳನ್ನು ಕರೆದುಕೊಂಡು ಊರ ಹೊರಗಿನ ಹುಣಸೆಯ ಮರದ ಕೆಳಗೆ ಹೋದೆವು. ಈ ಮರಕ್ಕೆ ಕನ್ನಡದಲ್ಲಿ ಹುಣಸೆ. ಗಡಿಯಾಚೆಯ ತೆಲುಗರಿಗೆ ಇದು ಚಿಂತ. ಮರಾಠಿಗರಿಗೆ ಚಿಂಚ; ನಮ್ಮ ಖಟಕ ಚಿಂಚೋಳಿಯ ಹೆಸರಿನಲ್ಲಿ ಅದು ಎದ್ದು ಕಾಣುತ್ತದೆ. ಸಂತೆಯಲ್ಲಿ ಇಮ್ಲಿ. ಅಮರಸಿಂಹನು ತಿಂತಿಡೀ, ಚಿಂಚಾ, ಅಮ್ಲಿಕಾ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಆ ಅಮ್ಲಿಕೆಯೇ ಇಮ್ಲಿ. ಅರಬ್ಬರು ಇದನ್ನು ಹಿಂದದ ಖರ್ಜೂರವೆಂದು ತಮರ್ ಹಿಂದ್ ಎಂದರು. ಆಂಗ್ಲರ ಟ್ಯಾಮರಿಂಡ್ ಅದರಿಂದಲೇ. ಮಗಳು ಬೆರಳು ಮಡಿಚಿ ಎಣಿಸಿದಳು. "ಹಾಗಾದರೆ ನಮ್ಮದು ಹುಣಸೆಯ ಊರೇ ಸರಿ" ಎಂದು ತೀರ್ಪನ್ನೂ ಕೊಟ್ಟಳು. ಕಳೆದ ವರ್ಷವಾಗಿದ್ದರೆ ನಾವೂ ಹೌದೆನ್ನುತ್ತಿದ್ದೆವು. ಆಂಧ್ರದ ಚಿಂತಪಲ್ಲಿಯಲ್ಲಿ ಹುಣಸೆಯಿದೆ, ನಿಜ. ಆದರೆ ಹಳೆಯ ಮೈಸೂರು ಸೀಮೆಯ ಚಿಂತಾಮಣಿಯು ಚಿಂತಾಮಣಿರಾಯನೆಂಬ ಮರಾಠಾ ನಾಯಕನ ಹೆಸರಿನ ಊರು, ಅಲ್ಲಿ ಹುಣಸೆಯೂ ಇಲ್ಲ, ಚಿಂತೆಯೂ ಇಲ್ಲ. ಮಾನ್ಯಖೇಟವೇ ಮಳಖೇಡವೆಂದು ನಾವು ಧೈರ್ಯವಾಗಿ ಹೇಳುವುದು ರಾಷ್ಟ್ರಕೂಟರ ಶಾಸನಗಳಲ್ಲಿ ಆ ಹೆಸರು ಇರುವುದರಿಂದ. "ಇನ್ನೂ ಸಾಕ್ಷಿ ಹುಡುಕಬೇಕು ಮಗಳೆ" ಎಂದೆವು. ಅವಳಿಗೆ ನಿರಾಶೆಯಾಯಿತು. ಬಿದ್ದಿದ್ದ ನಾಲ್ಕು ಹುಣಸೆಕಾಯಿಗಳನ್ನು ಉಡಿಯಲ್ಲಿ ಕಟ್ಟಿಕೊಂಡು ಮುಂದೆ ಓಡಿದಳು.

ಈ ವರ್ಷ ಸಭಿಕರ ಅಪೇಕ್ಷೆಯಂತೆ ಪುನಃ ವಿದುರನೀತಿಯ ಪ್ರವಚನವಾಯಿತು. ಮೊದಲನೆಯ ದಿನವೇ, ಮಂಗಳಶ್ಲೋಕವಾದ ಕೂಡಲೆ, "ಬೀದರವು ಬಿದಿರಿನ ಊರು. ಕಳೆದ ವರ್ಷ ನಾವು ಹೇಳಿದ್ದು ತಪ್ಪು; ಮರುದಿನ ಎರಡೂ ಇರಬಹುದೆಂದದ್ದು ಅದಕ್ಕಿಂತ ದೊಡ್ಡ ತಪ್ಪು" ಎಂದು ಹೇಳಿ, ವಿದುರಶಬ್ದಕ್ಕೆ ಪಾಣಿನಿಯು ಹೇಳಿದ ಅರ್ಥದಿಂದ ಕಥೆಯನ್ನು ಆರಂಭಿಸಿದೆವು. ದಕ್ಷಿಣೆಯಿಟ್ಟಿದ್ದ ಗೃಹಸ್ಥರ ಮುಖ ಸಣ್ಣದಾಯಿತು. ಎರಡು ದಿನ ಅವರು ಬರಲಿಲ್ಲ, ಮೂರನೆಯ ದಿನ ಬಂದರು. ಕಂಬದ ಕಡೆಯಿಂದ ಕೆಮ್ಮು ಕೇಳಿಸಲಿಲ್ಲ.

ಮೇದಾರನು ಆ ದಿನ ಇರಲಿಲ್ಲ. ಮಹಾಲಕ್ಷ್ಮೀ ಹಬ್ಬಕ್ಕೆ ನಾಲ್ಕು ದಿನವಿರುವಾಗ ಮೊರಗಳ ಹೊರೆಯೊಂದಿಗೆ ಬಂದನು. ಕಟ್ಟೆಯ ಮೇಲೆ ಕುಳ್ಳಿರಿಸಿ, ಅವನ ಮುತ್ಯಾ ಹೇಳಿದ್ದೇ ಸರಿಯೆಂದು ಸಭೆಯಲ್ಲಿ ಹೇಳಿದ್ದನ್ನು ತಿಳಿಸಿದೆವು. ಅವನು ನಕ್ಕು, "ಅದಕ್ಕ ವರ್ಷ ಹಿಡೀತೇನ್ರಿ ಆಚಾರ್ರೆ?" ಎಂದು, ಮೊರಗಳನ್ನು ಎರಡೆರಡಾಗಿ ಎಣಿಸಿ ಇಡತೊಡಗಿದನು.

ಶ್ರೀಕೃಷ್ಣಾರ್ಪಣಮಸ್ತು